ಸ್ಪಂಜ್ ಟೇಪ್ ಕಿತ್ತುಹಾಕಿ, 280 ಕೆ.ಜಿ. ವಾಪಸ್ ಬರುತ್ತದೆ

ಪ್ರಶ್ನೆ: ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 16 ಮನೆಗಳ ಅಪಾರ್ಟ್‌ಮೆಂಟ್. ಆರು ತಿಂಗಳ ಹಿಂದೆ ಕೆಳಗಿನ ಮುಖ್ಯ ಬಾಗಿಲಿಗೆ ಮ್ಯಾಗ್ನೆಟಿಕ್ ಲಾಕ್ ಹಾಕಿಸಿದೆವು. 280 ಕೆ.ಜಿ. ತಡೆಯುತ್ತದೆ ಅಂತ ಡಬ್ಬದ ಮೇಲೆ ಬರೆದಿತ್ತು. ಮೊದಮೊದಲು ಚೆನ್ನಾಗಿಯೇ ಇತ್ತು. ಬಾಗಿಲು ಹಾಕಿದಾಗಲೆಲ್ಲ ಠಣ್ ಅನ್ನುತ್ತದೆ, ನಿದ್ದೆ ಬರಲ್ಲ ಅಂತ ಕೆಳಗಿನ ಮನೆಯವರು ದೂರಿದರು. ಅದಕ್ಕೆ ಪ್ಲೇಟಿನ ಮೇಲೆ ತೆಳು ಸ್ಪಂಜ್ ಟೇಪ್ ಅಂಟಿಸಿದೆವು. ಪ್ಲೇಟ್ ಅಲ್ಲಾಡುತ್ತಿತ್ತು, ಅದರ ಬೋಲ್ಟನ್ನೂ ಬಿಗಿ ಮಾಡಿಸಿದೆವು. ಈಗ ಎಂಟನೇ ಕ್ಲಾಸಿನ ಹುಡುಗ ಭುಜ ಕೊಟ್ಟು ನೂಕಿದರೂ ಬಾಗಿಲು ತೆರೆದುಕೊಳ್ಳುತ್ತದೆ. ಕರೆಂಟು ಹೋದರಂತೂ ಬಾಗಿಲು ಹಾರುಹೊಡೆದಂತೆ. ಲಾಕ್ ಮುಟ್ಟಿದರೆ ಬೆಚ್ಚಗಿರುತ್ತದೆ. ಇದು ಕೆಟ್ಟಿದೆಯಾ? ಕರೆಂಟಿಲ್ಲದಾಗಲೂ ಹಿಡಿದಿರುವ ಹಾಗೆ ಮಾಡಬಹುದಾ? ನಮ್ಮತ್ತೆಗೆ ಪೇಸ್‌ಮೇಕರ್ ಇದೆ, ತೊಂದರೆ ಇಲ್ಲ ಅಲ್ವಾ? ಇದು ಕೆಲಸ ಮಾಡುವುದಾದರೂ ಹೇಗೆ?

ಉತ್ತರ: ನಿಮ್ಮ ಪತ್ರ ಅರ್ಧ ಓದುವಷ್ಟರಲ್ಲಿ ಕಳ್ಳ ಸಿಕ್ಕಿಬಿಟ್ಟ. ಆ ಸ್ಪಂಜ್ ಟೇಪು. ಅದರ ಜೊತೆಗಾರ ಆ ಬಿಗಿ ಮಾಡಿದ ಬೋಲ್ಟು. ಲಾಕ್ ಕೆಟ್ಟಿಲ್ಲ, ಹೊಸದಕ್ಕೆ ದುಡ್ಡು ಹಾಕಬೇಡಿ. ಇವತ್ತು ಸಂಜೆ ಟೇಪ್ ಕಿತ್ತು, ಅಂಟು ಒರೆಸಿ, ಬೋಲ್ಟನ್ನು ಸ್ವಲ್ಪ ಸಡಿಲ ಮಾಡಿ ನೋಡಿ. ಅದೇ ಹುಡುಗನನ್ನು ಕರೆದು ನೂಕಿಸಿ.

ಯಾಕೆ ಅನ್ನುವುದಕ್ಕೆ ಸ್ವಲ್ಪ ಉದ್ದ ಹೇಳಬೇಕು.

ನಾನು ಈ ವಿದ್ಯೆ ಕಲಿತಿದ್ದು ಮಂಡ್ಯದ ಒಂದು ಮೋಟರ್ ರೀವೈಂಡಿಂಗ್ ಅಂಗಡಿಯಲ್ಲಿ. ಸುಟ್ಟ ಪಂಪ್‌ಸೆಟ್ ಮೋಟರು, ಅದರ ಹಿಂದೆಯೇ ಸ್ಟಾರ್ಟರ್ ಡಬ್ಬ, ಇವೇ ನಮ್ಮ ಅನ್ನ. ಗದ್ದೆ ಇರುವವರಿಗೆಲ್ಲ ಆ ಸ್ಟಾರ್ಟರ್ ಗೊತ್ತು. ಹಸಿರು ಬಟನ್ ಒತ್ತಿದರೆ ಟಪ್ ಅಂತ ಹಿಡಿಯುತ್ತದೆ, ಮೋಟರ್ ಓಡುತ್ತದೆ. ಕರೆಂಟು ಹೋದ ಕ್ಷಣ ಬಿಟ್ಟುಬಿಡುತ್ತದೆ. ಕರೆಂಟು ಬಂದ ಮೇಲೆ ಮತ್ತೆ ಹೋಗಿ ಒತ್ತಬೇಕು. ಆ ಡಬ್ಬ ಬಿಚ್ಚಿದರೆ ಒಳಗೆ ಒಂದು ಕಾಯಿಲ್, ಅದರ ಮಧ್ಯೆ ತೆಳು ತಗಡುಗಳನ್ನು ಜೋಡಿಸಿ ಮಾಡಿದ ಕಬ್ಬಿಣದ ತುಂಡು. ಇಂಗ್ಲಿಷಿನ ‘ಇ’ ಅಕ್ಷರದ ಆಕಾರ. ಎದುರಿಗೆ ಇನ್ನೊಂದು ತುಂಡು. ಕಾಯಿಲ್‌ಗೆ ಕರೆಂಟು ಕೊಟ್ಟರೆ ಎರಡೂ ಕಚ್ಚಿಕೊಳ್ಳುತ್ತವೆ.

ನಿಮ್ಮ ಬಾಗಿಲಿನ ಲಾಕ್ ಅಂದರೆ ಅದೇ ಸ್ಟಾರ್ಟರ್ ಕಾಯಿಲ್ಲೇ, ಉದ್ದಕ್ಕೆ ಎಳೆದು ಅಲ್ಯೂಮಿನಿಯಂ ಡಬ್ಬದಲ್ಲಿ ಮಲಗಿಸಿದ ಹಾಗೆ. ಚೌಕಟ್ಟಿನ ಮೇಲಿರುವ ಉದ್ದನೆಯ ಪಟ್ಟಿಯೊಳಗೆ ಅದೇ ‘ಇ’ ಆಕಾರದ ತಗಡುಗಳು, ಆ ‘ಇ’ಯ ಸಂದಿಗಳಲ್ಲಿ ಸುತ್ತಿದ ತಾಮ್ರದ ತಂತಿ, ಅದರ ಮೇಲೆ ಎಪಾಕ್ಸಿ ಸುರಿದು ಗಟ್ಟಿ ಮಾಡಿರುತ್ತಾರೆ. ಮುಖವನ್ನು ಕನ್ನಡಿ ಹಾಗೆ ನುಣ್ಣಗೆ ಮಾಡಿರುತ್ತಾರೆ. ಬಾಗಿಲಿಗೆ ಹಾಕಿರುವುದು ಬರೀ ಒಂದು ದಪ್ಪ ಕಬ್ಬಿಣದ ಪ್ಲೇಟು. ಅದಕ್ಕೆ ತಂತಿಯೂ ಇಲ್ಲ, ಕರೆಂಟೂ ಇಲ್ಲ. ನಾಲಿಗೆ, ಚಿಲಕ, ಸ್ಪ್ರಿಂಗು, ತಿರುಗುವ ಭಾಗ ಒಂದೂ ಇಲ್ಲ. ಸವೆಯುವುದಕ್ಕೆ ಏನೂ ಇಲ್ಲದ್ದರಿಂದಲೇ ಇದು ಹತ್ತಾರು ವರ್ಷ ಬಾಳುತ್ತದೆ.

ತಂತಿಯಲ್ಲಿ ಕರೆಂಟು ಹರಿದರೆ ಸುತ್ತಲೂ ಆಯಸ್ಕಾಂತದ ಪ್ರಭಾವ ಹುಟ್ಟುತ್ತದೆ ಅಂತ 1820ರಲ್ಲಿ ತೋರಿಸಿದ್ದು ಡೆನ್ಮಾರ್ಕಿನ ಅರ್ಸ್ಟೆಡ್. ಐದು ವರ್ಷ ಕಳೆದ ಮೇಲೆ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಕುದುರೆ ಲಾಳದ ಹಾಗೆ ಬಗ್ಗಿಸಿದ ಕಬ್ಬಿಣಕ್ಕೆ ವಾರ್ನಿಷ್ ಬಳಿದು, ಮೇಲೆ ಹೊದಿಕೆಯಿಲ್ಲದ ತಂತಿಯನ್ನು ಕೆಲವೇ ಸುತ್ತು ಸುತ್ತಿದ. ಸುಮಾರು 200 ಗ್ರಾಂ ತೂಕದ ಆ ಲಾಳ ನಾಲ್ಕು ಕೆ.ಜಿ. ಎತ್ತಿತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ಬಟ್ಟೆ ಸುತ್ತಿ, ಒಂದರ ಮೇಲೊಂದು ಪದರ ಹಾಕಿ ಸುತ್ತಿದ. 1831ರಲ್ಲಿ ಅವನು ಮಾಡಿದ್ದು 900 ಕೆ.ಜಿ.ಗೂ ಜಾಸ್ತಿ ಎತ್ತಿತು. ತಂತಿಗೆ ಹೊದಿಕೆ ಬೇಕು, ಸುತ್ತು ಜಾಸ್ತಿ ಬೇಕು. ನಮ್ಮ ರೀವೈಂಡಿಂಗ್ ಅಂಗಡಿಯವರು ಇವತ್ತಿಗೂ ಮಾಡುವುದು ಅದನ್ನೇ, ಬಟ್ಟೆ ಬದಲು ಎನಾಮಲ್.

ಆದರೆ ಬರೀ ತಂತಿ ಸುತ್ತಿದರೆ ಬಲ ಅಷ್ಟಕ್ಕಷ್ಟೆ. ಕೆಲಸ ಮಾಡುವುದು ಒಳಗಿನ ಕಬ್ಬಿಣ. ಇದನ್ನು ನಾನು ಹುಡುಗರಿಗೆ ಹೇಳಿಕೊಡುವಾಗ ಜಂಬೂಸವಾರಿ ನೆನಪಿಸುತ್ತೇನೆ. ಬೆಳಗಿನಿಂದ ಸಯ್ಯಾಜಿರಾವ್ ರಸ್ತೆ ತುಂಬ ಜನ. ಒಬ್ಬರು ಕಡಲೆಕಾಯಿ ಮಾರುವವನ ಕಡೆ, ಒಬ್ಬರು ಮಗು ಕಡೆ, ಒಬ್ಬರು ಫೋನ್ ಕಡೆ, ಎಲ್ಲರ ಮುಖ ಒಂದೊಂದು ದಿಕ್ಕಿಗೆ. ಅಂಬಾರಿ ಆನೆ ಬಂತು ಅಂದ ತಕ್ಷಣ ಅಷ್ಟೂ ಮುಖ ಒಂದೇ ಕಡೆ ತಿರುಗುತ್ತದೆ. ಕಬ್ಬಿಣದ ಒಳಗೂ ಹಾಗೆಯೇ. ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಪ್ರದೇಶಗಳಿವೆ, ಒಂದೊಂದೂ ಒಂದೊಂದು ಪುಟ್ಟ ಆಯಸ್ಕಾಂತ. ಸುಮ್ನೆ ಇದ್ದಾಗ ಒಂದೊಂದು ಒಂದೊಂದು ಕಡೆ ಮುಖ ಮಾಡಿರುವುದರಿಂದ ಹೊರಗೆ ಏನೂ ಗೊತ್ತಾಗುವುದಿಲ್ಲ. ಕಾಯಿಲ್‌ಗೆ ಕರೆಂಟು ಬಂದರೆ ಎಲ್ಲ ಒಂದೇ ಕಡೆ ತಿರುಗುತ್ತವೆ. ಕಾಯಿಲ್‌ನ ಬಲ ಸಾವಿರಾರು ಪಟ್ಟು ಹೆಚ್ಚುತ್ತದೆ.

ಈ ಹೋಲಿಕೆಯಿಂದ ಇನ್ನೆರಡು ವಿಷಯವೂ ತಿಳಿಯುತ್ತದೆ. ಎಲ್ಲರೂ ಒಮ್ಮೆ ಆನೆ ಕಡೆ ತಿರುಗಿಬಿಟ್ಟರೆ ಮುಗಿಯಿತು, ಇನ್ನೆಷ್ಟು ಬ್ಯಾಂಡ್ ಬಾರಿಸಿದರೂ ತಿರುಗುವವರು ಉಳಿದಿರುವುದಿಲ್ಲ. ಕಬ್ಬಿಣಕ್ಕೂ ಆ ಮಿತಿ ಇದೆ, ಸುಮಾರು ಎರಡು ಟೆಸ್ಲಾ ಹತ್ತಿರ (ಆಯಸ್ಕಾಂತದ ಹರಿವು ಎಷ್ಟು ದಟ್ಟ ಅಂತ ಅಳೆಯುವ ಮಾನ ಟೆಸ್ಲಾ). ಹಾಗಾಗಿ 12 ವೋಲ್ಟಿನ ಲಾಕಿಗೆ ಜಾಸ್ತಿ ವೋಲ್ಟ್ ಕೊಟ್ಟರೆ ಬಲ ಅಷ್ಟೇನೂ ಏರುವುದಿಲ್ಲ, ಕಾಯಿಲ್ ಸುಡುತ್ತದೆ ಅಷ್ಟೆ. ಎರಡನೆಯದು, ಆನೆ ಬನ್ನಿಮಂಟಪದ ಕಡೆ ಹೋದ ಮೇಲೆ ಜನ ಮತ್ತೆ ಚದುರುತ್ತಾರೆ. ಮೆದು ಕಬ್ಬಿಣ, ಸಿಲಿಕಾನ್ ಸೇರಿಸಿದ ಉಕ್ಕು ಹೀಗೆ ಬೇಗ ಚದುರುವ ಜಾತಿ. ಸ್ಕ್ರೂಡ್ರೈವರಿನ ಗಟ್ಟಿ ಉಕ್ಕು ಹಾಗಲ್ಲ. ಒಂದು ಸಲ ತಿರುಗಿಸಿದರೆ ಅಲ್ಲೇ ನಿಂತುಬಿಡುತ್ತದೆ. ಆ ಉಕ್ಕಿನಿಂದ ಲಾಕ್ ಮಾಡಿದರೆ ಕರೆಂಟು ತೆಗೆದ ಮೇಲೂ ಬಾಗಿಲು ಸ್ವಲ್ಪ ಹಿಡಿದೇ ಇರುತ್ತದೆ. ಮೆದು ಕಬ್ಬಿಣದಲ್ಲೂ ಒಂದು ಚೂರು ಉಳಿಯುತ್ತದೆ. ಅದಕ್ಕೇ ಕೆಲವು ಪ್ಲೇಟುಗಳ ಮೇಲೆ ಸ್ಪ್ರಿಂಗಿನ ಮೇಲೆ ಕೂತ ಒಂದು ಪುಟ್ಟ ಗುಂಡಿ ಇರುತ್ತದೆ, ಕರೆಂಟು ಹೋದ ಕ್ಷಣ ಪ್ಲೇಟನ್ನು ಒಂದಿಷ್ಟು ಆಚೆ ತಳ್ಳುವುದಕ್ಕೆ. ಅದನ್ನು ಬೇಡದ ಉಬ್ಬು ಅಂದುಕೊಂಡು ತಟ್ಟಿ ಕೂರಿಸಿದವರನ್ನೂ ನೋಡಿದ್ದೇನೆ!

ಈಗ ನಿಮ್ಮ ಟೇಪಿಗೆ ಬರೋಣ. ನಿಜವಾದ ವಿಷಯ ಇಲ್ಲೇ ಇರುವುದು.

ಆಯಸ್ಕಾಂತದ ಹರಿವು ಹೊರಟ ಜಾಗಕ್ಕೇ ಸುತ್ತಿ ವಾಪಸ್ ಬರಬೇಕು. ‘ಇ’ಯ ನಡುವಿನ ಕಾಲಿನಿಂದ ಹೊರಟು, ಪ್ಲೇಟಿನೊಳಗೆ ಹಾದು, ಪಕ್ಕದ ಎರಡು ಕಾಲುಗಳಿಂದ ಹಿಂದಕ್ಕೆ ಬರುತ್ತದೆ. ಪ್ಲೇಟು ಮುಖಕ್ಕೆ ಮುಖ ಕೊಟ್ಟು ಕೂತಿದ್ದರೆ ದಾರಿಯುದ್ದಕ್ಕೂ ಕಬ್ಬಿಣವೇ. ಕಬ್ಬಿಣದಲ್ಲಿ ಹರಿಯುವುದು ಅದಕ್ಕೆ ತುಂಬ ಸಲೀಸು. ಗಾಳಿಯಲ್ಲಿ ಮಹಾ ಕಷ್ಟ. ಒಂದು ಮಿಲಿಮೀಟರ್ ಗಾಳಿ ದಾಟುವುದೂ ಒಂದೆರಡು ಮೀಟರ್ ಮೆದು ಕಬ್ಬಿಣ ದಾಟುವುದೂ ಅದಕ್ಕೆ ಹೆಚ್ಚುಕಮ್ಮಿ ಒಂದೇ. ಸ್ಪಂಜು, ಪ್ಲಾಸ್ಟಿಕ್, ಪೇಂಟು, ಅಂಟು, ಧೂಳು, ಎಲ್ಲ ಅದರ ಲೆಕ್ಕದಲ್ಲಿ ಗಾಳಿಯೇ. ಅದೂ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಎರಡು ಸಲ ದಾಟಬೇಕು. ಒಂದು ಮಿಲಿಮೀಟರ್ ಟೇಪ್ ಅಂದರೆ ಎರಡು ಮಿಲಿಮೀಟರ್ ಅಡ್ಡಿ.

ಇನ್ನೂ ಒಂದು ಪೆಟ್ಟು ಇದೆ. ಹರಿವು ಅರ್ಧಕ್ಕೆ ಇಳಿದರೆ ಹಿಡಿತ ಅರ್ಧಕ್ಕಲ್ಲ, ಕಾಲಿಗೆ ಇಳಿಯುತ್ತದೆ. ಹರಿವು ಮೂರರಲ್ಲೊಂದಾದರೆ ಹಿಡಿತ ಒಂಬತ್ತರಲ್ಲೊಂದು. ಹಾಗಾಗಿ ಒಂದು ಮಿಲಿಮೀಟರ್ ಸ್ಪಂಜು ಇಟ್ಟರೆ 280 ಕೆ.ಜಿ.ಯಲ್ಲಿ ಹತ್ತನೇ ಒಂದು ಪಾಲೂ ಉಳಿಯುವುದು ಅನುಮಾನ. ನಿಮ್ಮ ಎಂಟನೇ ಕ್ಲಾಸಿನ ಹುಡುಗನ ಭುಜಕ್ಕೆ ಅಷ್ಟು ಸಾಕು.

ಬೇಕಾದರೆ ಮನೆಯಲ್ಲೇ ನೋಡಿ. ದೊಡ್ಡ ಮೊಳೆಗೆ ಎನಾಮಲ್ ತಂತಿ ನೂರು ಸುತ್ತು ಸುತ್ತಿ, ತುದಿಗಳ ಎನಾಮಲ್ ಕೆರೆದು, ಟಾರ್ಚಿನ ಸೆಲ್ಲಿಗೆ ಮುಟ್ಟಿಸಿ ಗುಂಡುಪಿನ್ನುಗಳನ್ನು ಎತ್ತಿ. ಆಮೇಲೆ ಮೊಳೆಯ ತುದಿಗೆ ಒಂದು ಕಾಗದ ಅಡ್ಡ ಹಿಡಿದು ಎತ್ತಿ. ಎರಡು ಮಡಿಕೆ ಮಾಡಿ ಎತ್ತಿ. ನಾಲ್ಕು ಮಡಿಕೆ ಮಾಡಿ. ಪಿನ್ನುಗಳು ಎಷ್ಟು ಬೇಗ ಕಮ್ಮಿ ಆಗುತ್ತವೆ ಅಂತ ಎಣಿಸಿ. ಮಕ್ಕಳಿಗೂ ಚೆನ್ನಾಗಿರುತ್ತದೆ. ಸೆಲ್ಲಿಗೆ ಜಾಸ್ತಿ ಹೊತ್ತು ಮುಟ್ಟಿಸಿ ಇಡಬೇಡಿ, ಕೈ ಸುಡುತ್ತದೆ.

ಹಾಗಾದರೆ ಬಾಗಿಲ ಹತ್ತಿರ ಹೋದಾಗ ಜೇಬಿನ ಕೀಲಿಕೈ ಯಾಕೆ ಎಳೆಯುವುದಿಲ್ಲ ಅಂತ ಒಬ್ಬರು ಕೇಳಿದ್ದರು. ಒಳ್ಳೆ ಪ್ರಶ್ನೆ. ದೂರದಿಂದ ಸೆಳೆಯುವುದು ಬೇರೆ, ಅಂಟಿಕೊಂಡಿದ್ದನ್ನು ಬಿಡದಿರುವುದು ಬೇರೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಗಾಣಕ್ಕೆ ಹೋಗುವ ದಾರಿಯ ಮೇಲೆ ಒಂದು ದೊಡ್ಡ ಆಯಸ್ಕಾಂತ ತೂಗುಹಾಕಿರುತ್ತಾರೆ. ಕಬ್ಬಿನ ಜೊತೆ ಬಂದ ಮುರುಕು ಕುಡುಗೋಲು, ಗಾಡಿಯ ಬೋಲ್ಟು, ಸರಪಳಿ ತುಂಡು ಗಾಣದ ಹಲ್ಲಿಗೆ ಸಿಕ್ಕುವ ಮುಂಚೆ ಎತ್ತಿಕೊಳ್ಳುವುದಕ್ಕೆ. ಅದು ದೂರದಿಂದ ಸೆಳೆಯಬೇಕು, ಅದಕ್ಕೇ ಅಷ್ಟು ದೈತ್ಯ ಗಾತ್ರ. ನಿಮ್ಮ ಲಾಕಿನದು ಬರೀ ಆರು ವ್ಯಾಟ್. ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಸಂದಿ ಇಲ್ಲ ಅನ್ನುವ ಒಂದೇ ಧೈರ್ಯದ ಮೇಲೆ ಅದು 280 ಕೆ.ಜಿ. ಹಿಡಿಯುತ್ತದೆ.

ಲೆಕ್ಕವೂ ಸರಿಯಾಗಿ ಕೂರುತ್ತದೆ. ಕಬ್ಬಿಣದ ಮುಖದಲ್ಲಿ ಒಂದೂವರೆ ಟೆಸ್ಲಾ ಇದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 9 ಕೆ.ಜಿ. ಹಿಡಿತ ಸಿಗುತ್ತದೆ. 280 ಕೆ.ಜಿ. ಬೇಕಾದರೆ ಸುಮಾರು 30 ಚದರ ಸೆಂಟಿಮೀಟರ್ ಕಬ್ಬಿಣ ಮುಖಕ್ಕೆ ಮುಖ ತಾಗಬೇಕು. 500 ಕೆ.ಜಿ.ಯ ಲಾಕ್ ಉದ್ದವೂ ದಪ್ಪವೂ ಇರುವುದು ಅದಕ್ಕೇ. ಕರೆಂಟು ಜಾಸ್ತಿ ಕೊಟ್ಟು ಬಲ ತರುವುದಕ್ಕಾಗುವುದಿಲ್ಲ, ಜಾಗ ಜಾಸ್ತಿ ಕೊಡಬೇಕು.

ಇನ್ನು ಬೋಲ್ಟಿನ ವಿಷಯ. ಇದರಲ್ಲಿ ನಾನೂ ಪೆಟ್ಟು ತಿಂದವನು.

ನಾನು ಮೊದಲ ಸಲ ಈ ಲಾಕ್ ಕೂರಿಸಿದ್ದು ಮಂಡ್ಯದ ಒಂದು ಸಣ್ಣ ಆಫೀಸಿನಲ್ಲಿ. ಪ್ಲೇಟಿನ ಮಧ್ಯದ ಬೋಲ್ಟಿನ ಹಿಂದೆ ಒಂದು ರಬ್ಬರ್ ವಾಷರ್ ಕೊಟ್ಟಿದ್ದರು. ಅದನ್ನು ಹಾಕಿದರೆ ಪ್ಲೇಟ್ ಲೊಟಲೊಟ ಅಲ್ಲಾಡುತ್ತಿತ್ತು. ಇದೇನು ಚಂದ ಅಂತ ರಬ್ಬರ್ ತೆಗೆದು ಜೇಬಿಗೆ ಹಾಕಿಕೊಂಡು, ಬೋಲ್ಟನ್ನು ಮೈಯೆಲ್ಲ ಬಲ ಹಾಕಿ ಬಿಗಿದೆ. ಪ್ಲೇಟು ಕಲ್ಲಿನ ಹಾಗೆ ಕೂತಿತು. ಕರೆಂಟು ಕೊಟ್ಟು ಎಳೆದರೆ ಬಾಗಿಲು ಒಂದೇ ಕೈಗೆ ಬಂತು. ಲಾಕ್ ಡೂಪ್ಲಿಕೇಟ್ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೊರಟಿದ್ದೆ. ನಮ್ಮ ಮೇಸ್ತ್ರಿ ಬಂದು ನೋಡಿ, ಕುರ್ಚಿ ಮೇಲೆ ಹತ್ತಿ, ಬೋಲ್ಟು ಬಿಚ್ಚಿ, ‘ರಬ್ಬರ್ ಎಲ್ಲೋ?’ ಅಂದರು. ಜೇಬಿನಿಂದ ತೆಗೆದು ಕೊಟ್ಟೆ. ‘ಅದು ಅಲ್ಲಾಡ್ಬೇಕು ಕಣ್ಲಾ, ಅಲ್ಲಾಡ್ದಿದ್ರೆ ಹೆಂಗ್ಲಾ ಕಚ್ಕತದೆ?’ ಅಂದರು. ಹಾಕಿ ಎಳೆಸಿದರು. ಇಬ್ಬರು ಸೇರಿ ಎಳೆದರೂ ಬರಲಿಲ್ಲ.

ವಿಷಯ ಇಷ್ಟೇ. ಬಾಗಿಲು ಯಾವತ್ತೂ ಚೌಕಟ್ಟಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಕೂರುವುದಿಲ್ಲ. ಮರದ ಬಾಗಿಲಂತೂ ಮಳೆಗಾಲಕ್ಕೊಂದು ರೀತಿ, ಬೇಸಿಗೆಗೊಂದು ರೀತಿ. ಪ್ಲೇಟು ರಬ್ಬರಿನ ಮೇಲೆ ತೇಲುತ್ತಿದ್ದರೆ ಆಯಸ್ಕಾಂತ ಎಳೆದಾಗ ತಾನೇ ಓರೆಯಾಗಿ ಹೊಂದಿಕೊಂಡು ಮುಖಕ್ಕೆ ಮುಖ ಕೂರುತ್ತದೆ. ಬಿಗಿ ಮಾಡಿದರೆ ಒಂದು ಅಂಚು ಮಾತ್ರ ತಾಗುತ್ತದೆ, ಉಳಿದ ಕಡೆ ಸಂದಿ. ಪಕ್ಕದಲ್ಲಿರುವ ಎರಡು ಪಿನ್ನುಗಳು ಪ್ಲೇಟ್ ಗಿರಗಿರ ತಿರುಗದ ಹಾಗೆ ನೋಡಿಕೊಳ್ಳುತ್ತವೆ. ಅವು ರಂಧ್ರದಲ್ಲಿ ಸಲೀಸಾಗಿ ಆಡುತ್ತಿರಬೇಕು. ಬೋಲ್ಟು ಕಳಚಿ ಬೀಳದಷ್ಟು ಭದ್ರ ಇರಬೇಕು, ಆದರೆ ಬೆರಳಿನಿಂದ ಒತ್ತಿದರೆ ಪ್ಲೇಟಿನ ಅಂಚು ಸ್ವಲ್ಪ ಒಳಗೆ ಹೋಗಿ ಬರಬೇಕು.

ಹಾಗಾಗಿ ನೀವು ಮಾಡಬೇಕಾದ್ದು. ಮೊದಲು ಲಾಕಿನ ಕರೆಂಟು ತೆಗೆಯಿರಿ. ಟೇಪನ್ನು ಉಗುರಿನಿಂದಲೋ ಪ್ಲಾಸ್ಟಿಕ್ ಕಾರ್ಡಿನಿಂದಲೋ ಕೆರೆಯಿರಿ, ಚಾಕು ಬೇಡ. ಉಳಿದ ಅಂಟನ್ನು ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿಕೊಂಡು ಒರೆಸಿ. ಲಾಕಿನ ಮುಖವನ್ನೂ ಒರೆಸಿ. ಇಲ್ಲಿ ಒಂದು ಎಚ್ಚರಿಕೆ. ಪಂಪ್‌ಸೆಟ್ ಸ್ಟಾರ್ಟರ್ ಗುಂಯ್ ಅಂದರೆ ನಾವು ಕಬ್ಬಿಣದ ಮುಖಕ್ಕೆ ಉಪ್ಪುಕಾಗದ ಉಜ್ಜುತ್ತೇವೆ. ಅದೇ ಅಭ್ಯಾಸದಲ್ಲಿ ಇಲ್ಲಿ ಉಜ್ಜಬೇಡಿ. ಈ ಮುಖಕ್ಕೆ ತುಕ್ಕು ಹಿಡಿಯದ ಹಾಗೆ ತೆಳು ಲೇಪ ಇರುತ್ತದೆ. ಅದು ಹೋದರೆ ಮಳೆಗಾಲದಲ್ಲಿ ತುಕ್ಕು, ತುಕ್ಕು ಅಂದರೆ ಮತ್ತೆ ಸಂದಿ. ಪೇಂಟರ್ ಬಂದಾಗಲೂ ಈ ಎರಡು ಮುಖಕ್ಕೆ ಬಣ್ಣ ತಾಗಿಸಬೇಡ ಅಂತ ಹೇಳಿಡಿ. ಗೃಹಪ್ರವೇಶ, ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚುವುದಾದರೆ ಮೇಲಿನ ಡಬ್ಬಕ್ಕೆ ಹಚ್ಚಿ, ಮುಖಕ್ಕೆ ಬೇಡ. ಸುಮ್ನೆ ಹೇಳುತ್ತಿಲ್ಲ, ಒಂದು ಕಡೆ ಆಯುಧಪೂಜೆ ಮಾರನೇ ದಿನವೇ ಕರೆ ಬಂದಿತ್ತು.

ಆಮೇಲೆ ಕಾಗದದ ಪರೀಕ್ಷೆ. ಒಂದು ತೆಳು ಕಾಗದದ ಪಟ್ಟಿಯನ್ನು ಪ್ಲೇಟು ಮತ್ತು ಲಾಕಿನ ಮಧ್ಯೆ ಒಂದು ಮೂಲೆಯಲ್ಲಿ ಇಟ್ಟು ಬಾಗಿಲು ಹಾಕಿ, ಕರೆಂಟು ಕೊಟ್ಟು ಎಳೆಯಿರಿ. ಕಾಗದ ಹರಿಯಬೇಕು, ಜಾರಿಕೊಂಡು ಬರಬಾರದು. ನಾಲ್ಕೂ ಮೂಲೆ ನೋಡಿ. ಯಾವ ಮೂಲೆಯಲ್ಲಿ ಜಾರಿತೋ ಅಲ್ಲಿ ಪ್ಲೇಟ್ ಸರಿಯಾಗಿ ಕೂತಿಲ್ಲ.

ಇಷ್ಟಾದ ಮೇಲೂ ಹಿಡಿತ ಕಮ್ಮಿ ಅನಿಸಿದರೆ ಎಲೆಕ್ಟ್ರಿಷಿಯನ್ ಕರೆಸಿ, ಲಾಕಿನ ಟರ್ಮಿನಲ್‌ನಲ್ಲೇ ಮೀಟರ್ ಇಟ್ಟು ವೋಲ್ಟ್ ನೋಡಿಸಿ. ಲಾಕ್ ಆನ್ ಇರುವಾಗ ನೋಡಬೇಕು. ಪವರ್ ಸಪ್ಲೈ ಹತ್ತಿರ ಅಲ್ಲ. ಎಷ್ಟೋ ಕಡೆ ಇಂಟರ್ನೆಟ್‌ಗೆ ಎಳೆದು ಮಿಕ್ಕಿದ ಕ್ಯಾಟ್-5 ಕೇಬಲಿನ ಒಂದು ಜೋಡಿ ಎಳೆಯಲ್ಲೇ ಲಾಕಿಗೆ ಕರೆಂಟು ಕೊಟ್ಟಿರುತ್ತಾರೆ. ಆ ತಂತಿ ಕೂದಲಿನ ಹಾಗೆ. 20 ಮೀಟರ್ ದೂರಕ್ಕೆ ಹೋಗಿ ಬರುವ ದಾರಿಯಲ್ಲೇ ಒಂದೂವರೆ ವೋಲ್ಟ್ ಕಳೆದುಹೋಗುತ್ತದೆ. 12ರ ಬದಲು ಲಾಕಿಗೆ ಸಿಗುವುದು ಹತ್ತೂವರೆ. ಹಿಡಿತದಲ್ಲಿ ಕಾಲು ಭಾಗ ಅಲ್ಲೇ ಹೋಗಬಹುದು. ಒಂದು ಚದರ ಮಿಲಿಮೀಟರಿನ ಮಾಮೂಲಿ ವೈರ್ ಹಾಕಿದರೆ ಮುಗಿಯಿತು.

ಲಾಕನ್ನು ಬಾಗಿಲಿನ ತುದಿಗೆ, ಅಂದರೆ ಕೀಲಿನಿಂದ ದೂರಕ್ಕೆ, ಕೂರಿಸಿದ್ದಾರಾ ಅಂತಲೂ ಒಮ್ಮೆ ನೋಡಿ. ಬಾಗಿಲಿನ ಮಧ್ಯಕ್ಕೆ ಹಾಕಿದ್ದರೆ, ತುದಿಯಲ್ಲಿ ನೂಕುವವನಿಗೆ ಸನ್ನೆಕೋಲಿನ ಲಾಭ ಸಿಗುತ್ತದೆ. 140 ಕೆ.ಜಿ. ನೂಕಿದರೂ ಲಾಕಿಗೆ 280 ಬಿದ್ದ ಹಾಗೆ.

ಬೆಚ್ಚಗಿರುವುದಕ್ಕೆ ಹೆದರಬೇಡಿ. 12 ವೋಲ್ಟು, ಅರ್ಧ ಆಂಪಿಯರ್, ಆರು ವ್ಯಾಟ್. ತಮಾಷೆ ಏನೆಂದರೆ, ಹಿಡಿದುಕೊಂಡು ಸುಮ್ನೆ ನಿಲ್ಲುವುದಕ್ಕೆ ಶಕ್ತಿ ಖರ್ಚಾಗುವುದೇ ಇಲ್ಲ. ಆ ಆರು ವ್ಯಾಟೂ ತಾಮ್ರದ ತಂತಿ ಬಿಸಿಯಾಗುವುದಕ್ಕೇ ಹೋಗುತ್ತದೆ. ದಿನವಿಡೀ ಉರಿದರೂ ತಿಂಗಳಿಗೆ ನಾಲ್ಕೂವರೆ ಯೂನಿಟ್ ದಾಟುವುದಿಲ್ಲ. 16 ಮನೆಗೆ ಹಂಚಿದರೆ ಜಗಳಕ್ಕೂ ಸಾಲದು. ಕೈ ಇಡಲಾಗದಷ್ಟು ಸುಟ್ಟರೆ ಮಾತ್ರ ಯೋಚನೆ ಮಾಡಿ. 12-24 ವೋಲ್ಟ್ ಎರಡಕ್ಕೂ ಆಗುವ ಲಾಕನ್ನು 12ಕ್ಕೆ ಸೆಟ್ ಮಾಡಿ 24 ಕೊಟ್ಟಿರಬಹುದು. ಲಾಕ್ ಗುಂಯ್ ಅಂದರೆ ಅದೂ ಸರಿಯಿಲ್ಲ. ಸ್ಟಾರ್ಟರಿನದು ಎಸಿ ಕರೆಂಟು, ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಅದು ಗುಂಯ್ ಅನ್ನುವುದು ಸಹಜ. ಲಾಕಿನದು ಡಿಸಿ, ಅದು ಮೌನವಾಗಿರಬೇಕು. ಸದ್ದು ಬಂದರೆ ಪವರ್ ಸಪ್ಲೈ ಕೆಟ್ಟಿರುವ ಸಾಧ್ಯತೆ ಜಾಸ್ತಿ.

ಈಗ ನಿಮ್ಮ ದೊಡ್ಡ ಪ್ರಶ್ನೆ. ಕರೆಂಟಿಲ್ಲದಾಗಲೂ ಹಿಡಿದಿರುವ ಹಾಗೆ ಮಾಡಬಹುದಾ? ಈ ಲಾಕಿನಿಂದ ಆಗುವುದಿಲ್ಲ. ಆಗುವ ಹಾಗೆ ಇದ್ದಿದ್ದರೂ ನಿಮ್ಮ ಬಾಗಿಲಿಗೆ ಬೇಡ ಅಂತಲೇ ಹೇಳುತ್ತಿದ್ದೆ.

ಪಂಪ್‌ಸೆಟ್ ಸ್ಟಾರ್ಟರ್ ಕರೆಂಟು ಹೋದಾಗ ಬಿಟ್ಟುಬಿಡುವುದು ಅದರ ದೋಷವಲ್ಲ. ಕರೆಂಟು ದಿಢೀರ್ ಅಂತ ಬಂದಾಗ ಮೋಟರಿಗೆ ಕೈ ಹಾಕಿಕೊಂಡು ಕೂತವನ ಜೀವ ಉಳಿಯಲಿ ಅಂತಲೇ ಹಾಗೆ ಮಾಡಿರುವುದು. ಬಾಗಿಲಿನದೂ ಅದೇ ಕಥೆ. ಈಗಿನ ರೀತಿಯ ಮ್ಯಾಗ್ನೆಟಿಕ್ ಲಾಕ್ ಮೊದಲು ಬಂದಿದ್ದು 1969ರಲ್ಲಿ, ಕೆನಡಾದ ಮಾಂಟ್ರಿಯಲ್ ನಗರದ ಒಂದು ಒಳಾಂಗಣ ಕ್ರೀಡಾಂಗಣಕ್ಕೆ. ಅಲ್ಲಿಯ ಅಧಿಕಾರಿಗಳಿಗೆ ಇದ್ದ ಭಯ ಕಳ್ಳರದಲ್ಲ, ಬೆಂಕಿಯದು. ಬೆಂಕಿ ಬಿದ್ದರೆ ಒಂದೇ ಸಲಕ್ಕೆ ಎಲ್ಲ ಬಾಗಿಲೂ ಬಿಡಬೇಕು. ಕರೆಂಟು ತೆಗೆದರೆ ಬಿಡುವ ಲಾಕ್ ಹುಟ್ಟಿದ್ದು ಹಾಗೆ. ನಿಮ್ಮ ಕೆಳಗಿನ ಬಾಗಿಲಿನಿಂದ 16 ಮನೆಯವರು ಹೊರಗೆ ಬರಬೇಕು. ಮೀಟರ್ ಬೋರ್ಡಿಗೆ ಬೆಂಕಿ ಹತ್ತಿದರೆ ಮೊದಲು ಹೋಗುವುದೇ ಕರೆಂಟು. ಆಗ ಹೊಗೆಯಲ್ಲಿ ಯಾರೂ ಕೀಲಿಕೈ ಹುಡುಕುವ ಹಾಗಾಗಬಾರದು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೊರದಾರಿಯ ಬಾಗಿಲು ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯುವಂತಿರಬೇಕು ಅನ್ನುತ್ತದೆ.

ನಿಮಗೆ ಬೇಕಿರುವುದು ಬ್ಯಾಟರಿ. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಕೂರುವ ಪವರ್ ಸಪ್ಲೈ ಡಬ್ಬ ಸಿಗುತ್ತದೆ. ಅರ್ಧ ಆಂಪಿಯರಿನ ಲಾಕಿಗೆ ಕಾಗದದ ಲೆಕ್ಕದಲ್ಲಿ 14 ಗಂಟೆ. ಕಾರ್ಡ್ ಓದುವ ಯಂತ್ರವೂ ಅದರಿಂದಲೇ ಕುಡಿಯುತ್ತದೆ, ಬ್ಯಾಟರಿಯೂ ಹಳೆಯದಾಗುತ್ತದೆ, ಹಾಗಾಗಿ ಎಂಟು ಗಂಟೆ ಅಂತ ಇಟ್ಟುಕೊಳ್ಳಿ. ರಾತ್ರಿ ಹೋದ ಕರೆಂಟು ಬೆಳಗ್ಗೆ ಬರುವ ತನಕ ಸಾಕು. ಎರಡು-ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು. ಹಾಕಿದ ತಾರೀಖನ್ನು ಅದರ ಮೇಲೇ ಮಾರ್ಕರ್‌ನಿಂದ ಬರೆಯಿರಿ. ಆ ಡಬ್ಬ ಹೊರಗಿನ ಮೀಟರ್ ಬೋರ್ಡಿನ ಪಕ್ಕ ಬೇಡ, ಒಳಗೆ ಬೀಗ ಇರುವ ಕಡೆ ಇರಲಿ. ಹೊರಗಿನವರು ಸ್ವಿಚ್ ತೆಗೆದರೆ ಬಾಗಿಲು ತೆರೆದುಕೊಳ್ಳುತ್ತದೆ ಅನ್ನುವುದು ಈ ಲಾಕಿನ ನಿಜವಾದ ದೌರ್ಬಲ್ಯ.

ಬ್ಯಾಟರಿ ಹಾಕಿಸುವ ದಿನವೇ ಒಳಗಡೆ ಹಸಿರು ಎಮರ್ಜೆನ್ಸಿ ಡಬ್ಬವನ್ನೂ ಹಾಕಿಸಿ, ಒತ್ತಿದರೆ ಲಾಕಿನ ತಂತಿ ನೇರ ಕಡಿದುಹೋಗುವ ಹಾಗೆ. ಬ್ಯಾಟರಿ ಇದ್ದ ಮೇಲೆ ಇದು ಇರಲೇಬೇಕು. ಯಾಕೆಂದರೆ ಈಗ ಕರೆಂಟು ಹೋದರೂ ಲಾಕ್ ಬಿಡುವುದಿಲ್ಲ. ಎಲೆಕ್ಟ್ರಿಷಿಯನ್ ಇದನ್ನು ಕಾರ್ಡ್ ಯಂತ್ರದ ಮೂಲಕ ಜೋಡಿಸಲು ಹೊರಟರೆ ಬೇಡ ಅನ್ನಿ. ಯಂತ್ರ ಹ್ಯಾಂಗ್ ಆದರೆ ಬಟನ್ನೂ ಸತ್ತ ಹಾಗೆ. ಲಾಕಿಗೆ ಹೋಗುವ ತಂತಿಯ ಮಧ್ಯದಲ್ಲೇ ಕೂರಬೇಕು. ಬಟನ್ ಒತ್ತಿ ಒಂದು ಕ್ಷಣ ಆದಮೇಲೆ ಲಾಕ್ ಬಿಡುತ್ತಿದ್ದರೆ, ಕಾಯಿಲ್‌ಗೆ ಅಡ್ಡಲಾಗಿ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗ, ಹಾಕಿದ್ದಾರಾ ಅಂತ ಕೇಳಿ. ಕರೆಂಟು ಕಡಿದಾಗ ಕಾಯಿಲ್ ಒಂದು ಒದೆ ಕೊಡುತ್ತದೆ, ಕಿಡಿ ಹಾರಿ ಲಾಕನ್ನು ಆನ್-ಆಫ್ ಮಾಡುವ ರಿಲೇ ಸುಡುತ್ತದೆ. ಅದನ್ನು ತಡೆಯಲು ಡಯೋಡ್ ಹಾಕುತ್ತಾರೆ. ಆದರೆ ಡಯೋಡ್ ಇದ್ದರೆ ಕರೆಂಟು ಕಾಯಿಲ್‌ನಲ್ಲೇ ಸುತ್ತು ಹೊಡೆಯುತ್ತ ನಿಧಾನಕ್ಕೆ ಇಳಿಯುತ್ತದೆ. ಅದರ ಬದಲು ಎಂಒವಿ ಅನ್ನುವ ಪುಟ್ಟ ಬಿಲ್ಲೆ ಹಾಕಿಸಿ, ತಟ್ಟನೆ ಬಿಡುತ್ತದೆ. ಬಹಳ ಲಾಕ್‌ಗಳಲ್ಲಿ ಅದು ಒಳಗೇ ಇರುತ್ತದೆ.

ಸಾಮಾನು ಇಡುವ ಕೋಣೆಗೆ, ಪಂಪ್ ರೂಮಿಗೆ ಕರೆಂಟಿಲ್ಲದಾಗಲೂ ಮುಚ್ಚಿರುವ ಲಾಕ್ ಬೇಕಾದರೆ ಎಲೆಕ್ಟ್ರಿಕ್ ಸ್ಟ್ರೈಕ್ ಅಂತ ಬೇರೆಯದು ಸಿಗುತ್ತದೆ. ಅದರಲ್ಲಿ ನಾಲಿಗೆಯನ್ನು ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ಕಾಯಿಲ್. ಒಳಗಿನ ಹಿಡಿ ತಿರುಗಿಸಿದರೆ ಯಾವಾಗಲೂ ತೆರೆಯುತ್ತದೆ.

ಅತ್ತೆಯವರ ವಿಷಯ. ಪ್ಲೇಟ್ ಸರಿಯಾಗಿ ಕೂತಿದ್ದರೆ ಹರಿವೆಲ್ಲ ಕಬ್ಬಿಣದೊಳಗೇ ಸುತ್ತುತ್ತದೆ, ಹೊರಗೆ ಸೋರುವುದು ತೀರಾ ಕಮ್ಮಿ. ಲಾಕ್ ಇರುವುದೂ ತಲೆಗಿಂತ ಮೇಲೆ. ಆಯಸ್ಕಾಂತಗಳನ್ನು ಪೇಸ್‌ಮೇಕರಿನಿಂದ 15 ಸೆಂಟಿಮೀಟರಾದರೂ ದೂರ ಇಡಿ ಅಂತ ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಬಾಗಿಲು ದಾಟಿ ಹೋಗುವವರು ಅಷ್ಟು ಹತ್ತಿರ ಬರುವುದೇ ಇಲ್ಲ. ಲಾಕ್ ಕೆಳಗೆ ಒರಗಿಕೊಂಡು ಮಾತಾಡುತ್ತ ನಿಲ್ಲಬೇಡಿ ಅನ್ನಿ, ಅಷ್ಟು ಸಾಕು. ಮುಂದಿನ ಸಲ ತಪಾಸಣೆಗೆ ಹೋದಾಗ ಡಾಕ್ಟರ ಕಿವಿಗೂ ಹಾಕಿ.

ಕೊನೆಗೆ ಕೆಳಗಿನ ಮನೆಯವರ ನಿದ್ದೆ. ಅವರದೂ ನ್ಯಾಯವೇ. ಟೇಪ್ ಕಿತ್ತರೆ ಠಣ್ ಮತ್ತೆ ಶುರುವಾಗುತ್ತದೆ ಅಲ್ವಾ? ಆ ಸದ್ದು ಮಾಡುತ್ತಿರುವುದು ಲಾಕ್ ಅಲ್ಲ, ಮೇಲಿರುವ ಡೋರ್ ಕ್ಲೋಸರ್. ಅದು ಬಾಗಿಲನ್ನು ಕೊನೆಯ ಗೇಣಿನಲ್ಲಿ ರಭಸದಿಂದ ತಳ್ಳುತ್ತಿದೆ. ಕ್ಲೋಸರಿನ ತಲೆಯ ಹತ್ತಿರ ಸಾಮಾನ್ಯವಾಗಿ ಎರಡು ಸಣ್ಣ ಸ್ಕ್ರೂ ಇರುತ್ತವೆ. ಒಂದು ಬಾಗಿಲು ಬರುವ ವೇಗಕ್ಕೆ, ಇನ್ನೊಂದು ಕೊನೆಯ ಗೇಣಿಗೆ. ಆ ಎರಡನೆಯದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಬಾಗಿಲು ಬಿಟ್ಟು ನೋಡಿ. ಸಾಲದಿದ್ದರೆ ಇನ್ನೊಂದು ಕಾಲು ಸುತ್ತು. ಠಣ್ ಹೋಗಿ ಟಕ್ ಅನ್ನುವ ತನಕ. ಉಲ್ಟಾ ತಿರುಗಿಸಿ ಸ್ಕ್ರೂ ಪೂರ್ತಿ ಬಿಚ್ಚಬೇಡಿ, ಒಳಗಿನ ಎಣ್ಣೆಯೆಲ್ಲ ನಿಮ್ಮ ಅಂಗಿ ಮೇಲೆ ಬೀಳುತ್ತದೆ.